ಗ್ಲೂಮ್: ಗಂಟಿಕ್ಕಿದ ಮಾರಿ ಕತ್ತಲಾದ ಬಗೆ

1

"ಸರ್, ನನ್ನ ಕತಿ ಗ್ಲೂಮಿ ಅದ ಅಂದ್ರು. ಹಂಗಂದ್ರ ಏನ್ರಿ?"

ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ವಿದ್ಯಾರ್ಥಿಯೊಬ್ಬ ಕೇಳಿದ ಪ್ರಶ್ನೆ ಇದು. ಆತ ಬೇರೆ ಊರಲ್ಲಿ ನಡೆದ ಒಂದು ಕಥಾ ಕಮ್ಮಟಕ್ಕೆ ಹೋಗಿ ಬಂದಿದ್ದ. ಕತೆ ಓದಿದ್ದ. ಕೇಳಿದ ಹಿರಿಯ ವಿಮರ್ಶಕರೊಬ್ಬರು ಬೆನ್ನು ತಟ್ಟಿ, ಕತೆ ಚೆನ್ನಾಗಿದೆ, ಆದರೆ ತುಂಬಾ ಗ್ಲೂಮಿ, ದಲಿತ ಸಾಹಿತ್ಯ ಇನ್ನಾದರೂ ಈ ವಿಷಾದದಿಂದ ಹೊರಗೆ ಬರಬೇಕು ಎಂದಿದ್ದರಂತೆ.

ಕತೆಯನ್ನು ನಾನೂ ಓದಿದ್ದೆ. ಗುಳೆ ಹೋಗುವ ಒಂದು ಮನೆಯ ಕತೆ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಆಳು ಹಿಡಿಯಲು ಮೇಸ್ತ್ರಿ ಬರುತ್ತಾನೆ. ಕಂದೀಲಿನ ಬೆಳಕಿನಲ್ಲಿ ಮುಂಗಡದ ರೊಕ್ಕ ಎಣಿಸಿ ನೆಲದ ಮೇಲೆ ಇಡುತ್ತಾನೆ, ಕೈಗೆ ಕೊಡುವುದಿಲ್ಲ. ಹುಡುಗನ ಅವ್ವ ಆ ರೊಕ್ಕ ಎತ್ತಿಕೊಳ್ಳುವುದಿಲ್ಲ. ಮೇಸ್ತ್ರಿಯ ಮಾರಿಯನ್ನೇ ನೋಡುತ್ತ ನಿಲ್ಲುತ್ತಾಳೆ. ಕತೆ ಅಲ್ಲಿಗೆ ಮುಗಿಯುತ್ತದೆ.

"ನಮ್ಮವ್ವ ಕತಿಯೊಳಗ ಎಲ್ಲೂ ಅಳಂಗಿಲ್ರಿ ಸರ್. ಸಿಟ್ಟಿಲೆ ನೋಡ್ತಾಳ," ಅಂದ ಹುಡುಗ.

ಈ ಲೇಖನದಲ್ಲಿ ನಾನು ಹೇಳಬೇಕಾದ್ದೆಲ್ಲ ಆ ಹುಡುಗನ ಎರಡು ವಾಕ್ಯದಲ್ಲೇ ಇದೆ. ಸಿಟ್ಟಿನಿಂದ ನೋಡಿದ ಒಂದು ಮಾರಿ ಓದುವವರ ಕಣ್ಣಿಗೆ ಕತ್ತಲೆಯಾಗಿ, ವಿಷಾದವಾಗಿ ಕಂಡದ್ದು ಹೇಗೆ? ಇದು ಒಬ್ಬರ ಕಣ್ಣಿನ ದೋಷವಲ್ಲ. ಐವತ್ತು ವರ್ಷಗಳಿಂದ ನಮ್ಮ ಬರವಣಿಗೆಯ ಮೇಲೆ ಒತ್ತುತ್ತ ಬಂದಿರುವ ಒಂದು ಠಸ್ಸೆ. ಆ ಠಸ್ಸೆಯನ್ನು ಕೈಯಲ್ಲಿ ಹಿಡಿದು, ತಿರುವಿ ಹಾಕಿ ನೋಡಬೇಕಾಗಿದೆ.

2

ಇಂಗ್ಲಿಷ್-ಕನ್ನಡ ನಿಘಂಟು ತೆಗೆದರೆ ಗ್ಲೂಮ್ ಪದಕ್ಕೆ ಮಬ್ಬು, ಮಸುಕು, ಕತ್ತಲೆ, ಖಿನ್ನತೆ, ವಿಷಾದ ಎಂಬ ಅರ್ಥಗಳು ಸಿಗುತ್ತವೆ. ಮೋಡ ಕವಿದ ದಿನಕ್ಕೂ ಅದೇ ಪದ, ಸಾವಾದ ಮನೆಗೂ ಅದೇ ಪದ, ಮಾರುಕಟ್ಟೆ ಬಿದ್ದರೂ ಅದೇ ಪದ. ಹೊರಗಿನ ಕತ್ತಲೆ ಮತ್ತು ಒಳಗಿನ ದುಃಖ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ ಪದ ಅದು.

ಆದರೆ ಪದಗಳಿಗೂ ಪೂರ್ವಾಶ್ರಮ ಇರುತ್ತದೆ. ಹದಿನಾಲ್ಕನೆಯ ಶತಮಾನದ ಕೊನೆಯ ಇಂಗ್ಲಿಷಿನಲ್ಲಿ ಈ ಪದ ಒಂದು ಕ್ರಿಯಾಪದ. ಅದರ ಅರ್ಥ ಕತ್ತಲೆಯಲ್ಲ, ದುಃಖವೂ ಅಲ್ಲ. ಹುಬ್ಬು ಗಂಟಿಕ್ಕುವುದು, ಅಸಮಾಧಾನದಿಂದ ನೋಡುವುದು ಅಂತ ಅರ್ಥ. ನಾಮಪದವಾದಾಗಲೂ, ಹದಿನಾರನೆಯ ಶತಮಾನದ ಕೊನೆಗೆ ಸ್ಕಾಟ್ಲೆಂಡಿನ ಕಡೆಯವರ ಬಾಯಲ್ಲಿ, ಅದು ಮುನಿದ ನೋಟವೇ ಆಗಿತ್ತು. ಮಾರಿ ಗಂಟು ಹಾಕೋದು ಅಂತ ನಾವು ಏನನ್ನು ಅನ್ನುತ್ತೇವೋ ಅದೇ. ಗ್ಲೂಮಿ ಎಂಬ ವಿಶೇಷಣಕ್ಕೆ ಆ ಶತಮಾನದಲ್ಲೇ ಖಿನ್ನತೆಯ ಛಾಯೆ ಹತ್ತಿಕೊಂಡಿತ್ತು. ಗ್ಲೂಮ್ ಎಂದರೆ ಕತ್ತಲೆ ಎಂಬ ಅರ್ಥ ಮೊದಲು ಕಾಣಿಸುವುದು 1629ರಲ್ಲಿ, ಮಿಲ್ಟನ್ ಕವಿಯಲ್ಲಿ. ಮನಸ್ಸಿನ ಖಿನ್ನತೆ ಎಂಬ ಅರ್ಥ ನಾಮಪದಕ್ಕೆ ಬಂದದ್ದು ಇನ್ನೂ ನೂರು ವರ್ಷದ ಮೇಲೆ, ಹದಿನೆಂಟನೆಯ ಶತಮಾನದಲ್ಲಿ.

ಅಂದರೆ ಈ ಪದ ನಡೆದ ದಾರಿ ಹೀಗಿದೆ: ಮೊದಲು ಮುನಿದ ಮಾರಿ, ಆಮೇಲೆ ಕತ್ತಲೆ, ಕೊನೆಗೆ ವಿಷಾದ.

ಈ ದಾರಿಯಲ್ಲಿ ಕಳೆದುಹೋದದ್ದು ಏನು? ಗಂಟಿಕ್ಕಿದ ಮಾರಿಗೆ ಎದುರಿಗೊಬ್ಬ ಇರುತ್ತಾನೆ. ಯಾರೂ ಸುಮ್ಮನೆ ಗಾಳಿಯ ಮೇಲೆ ಹುಬ್ಬು ಗಂಟಿಕ್ಕುವುದಿಲ್ಲ. ಯಾರೋ ಏನೋ ಮಾಡಿದ್ದಾನೆ, ಅದು ನನಗೆ ಒಪ್ಪಿಗೆಯಿಲ್ಲ ಅನ್ನುವುದನ್ನು ಮಾತಿಗಿಂತ ಮೊದಲು ಮುಖ ಹೇಳುತ್ತದೆ. ಕತ್ತಲೆಗೆ ಹಾಗೆ ಎದುರಿಗೊಬ್ಬ ಬೇಕಿಲ್ಲ. ಅದು ತಾನಾಗಿ ಕವಿಯುತ್ತದೆ, ಯಾರೂ ಜವಾಬ್ದಾರರಲ್ಲ. ವಿಷಾದಕ್ಕಂತೂ ಒಳಗೇ ಮನೆ. ಕತೆಯಲ್ಲಿ ಮೇಸ್ತ್ರಿ ಇದ್ದ. ಗ್ಲೂಮಿ ಅಂದ ಕೂಡಲೇ ಮೇಸ್ತ್ರಿ ಮಾಯವಾದ, ಕಂದೀಲಿನ ಮಬ್ಬು ಮಾತ್ರ ಉಳಿಯಿತು.

ಇಂಗ್ಲಿಷು ನಮ್ಮ ಭಾಗಕ್ಕೆ ಹೊಸದೇನಲ್ಲ. 1841ರಿಂದ ಸುಮಾರು ಹನ್ನೆರಡು ವರ್ಷ ಸುರಪುರ ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಶಹಾಪುರದ ಹತ್ತಿರದ ವಿಭೂತಿಹಳ್ಳಿಯ ಕಲ್ಲುಸಾಲುಗಳನ್ನು ನೋಡಿ ಬರೆದಿದ್ದಾನೆ. ಶ್ರದ್ಧೆಯಿಂದ ಅಳೆದ, ಬರೆದ, ಅದಕ್ಕೆ ನಾವು ಋಣಿಗಳು. ಆದರೆ ಈ ಸೀಮೆಯ ಬೃಹತ್ ಶಿಲೆಗಳಿಗೆ ಹೆಸರಿಡುವಾಗ ಅವನಿಗೆ ನೆನಪಾದದ್ದು ತನ್ನ ಕಡೆಯ ಕೆಲ್ಟರು, ಡ್ರೂಯಿಡರು. ಕಂಡದ್ದಕ್ಕೆ ತನ್ನ ಮನೆಯ ಹೆಸರಿಡುವುದು ಹೊರಗಿನಿಂದ ಬಂದವರ ಅಭ್ಯಾಸ. ನಮ್ಮ ವಿಮರ್ಶೆಯೂ ಕೇರಿಯ ಸಾಹಿತ್ಯದ ಮುಂದೆ ಇದೇ ಕೆಲಸ ಮಾಡುತ್ತ ಬಂದಿದೆ.

3

ಇಲ್ಲಿ ನನ್ನದೇ ಒಂದು ಅನುಭವ ಹೇಳದೆ ಮುಂದೆ ಹೋಗಲಾರೆ.

ನಮ್ಮ ಸೀಮೆಯಲ್ಲಿ ಮುಖಕ್ಕೆ ಮಾರಿ ಅನ್ನುತ್ತೇವೆ. ಮಾರಿಗೆ ಎಷ್ಟೊಂದು ಮಾತುಗಳಿವೆ: ಮಾರಿ ಸಣ್ಣದು ಮಾಡೋದು, ಮಾರಿ ಬಾಡೋದು, ಮಾರಿ ಉಬ್ಬಿಸೋದು, ಮಾರಿ ಗಂಟು ಹಾಕೋದು. ಸಣ್ಣದಾದ ಮಾರಿ ದುಃಖದ್ದು, ಗಂಟು ಹಾಕಿದ ಮಾರಿ ಸಿಟ್ಟಿನದು. ನಮ್ಮ ಕೇರಿಯ ಸಣ್ಣ ಕೂಸಿಗೂ ಇವೆರಡರ ಫರಕು ಗೊತ್ತು.

ನಾನು ಎಂಟೊಂಬತ್ತು ವರ್ಷದವನಿದ್ದಾಗ ಅವ್ವನ ಜೊತೆ ಶೇಂಗಾ ಕೀಳಲು ಹೊಲಕ್ಕೆ ಹೋಗುತ್ತಿದ್ದೆ. ಒಂದು ದಿನ ಕೂಲಿಯಲ್ಲಿ ಏನೋ ಮುರಿದುಕೊಂಡಿದ್ದರು. ನಾನು ಬದುವಿನ ಮೇಲೆ ಮಾರಿ ಗಂಟು ಹಾಕಿಕೊಂಡು ಕೂತಿದ್ದೆ. ಹೊಲದ ಗೌಡ ದೂರದಲ್ಲಿ ಬರುವುದು ಕಂಡಿತು. ಅವ್ವ ಓಡಿ ಬಂದು ಸೆರಗಿನಿಂದ ನನ್ನ ಮಾರಿ ತಿಕ್ಕಿದಳು. "ಮಾರಿ ನೆಟ್ಟಗ ಮಾಡು. ಗೌಡ್ರು ಬರ್ಲಾಕತ್ಯಾರ. ಹಂಗ ನೋಡಬ್ಯಾಡ, ತೆಲಿ ಕೆಳಗ ಹಾಕು," ಅಂದಳು. ನಾನು ತಲೆ ಕೆಳಗೆ ಹಾಕಿದೆ. ಗೌಡ ಬಂದು ನಿಂತು, "ಏನಲೇ, ಮಗ ಯಾಕ ಸಪ್ಪಗ ಕುಂತಾನ?" ಎಂದು ಅವ್ವನನ್ನು ಕೇಳಿದ. ದನಿಯಲ್ಲಿ ಸ್ವಲ್ಪ ಕನಿಕರವೂ ಇತ್ತು.

ಇಂಗ್ಲಿಷಿನ ಒಂದು ಪದ ಮೂರು ನೂರು ವರ್ಷದಲ್ಲಿ ನಡೆದ ದಾರಿಯನ್ನು ನನ್ನ ಮಾರಿ ಒಂದು ಗಳಿಗೆಯಲ್ಲಿ ನಡೆದುಬಿಟ್ಟಿತ್ತು. ಸಿಟ್ಟು ಅವ್ವನಿಗೆ ಕಂಡಿತು. ಗೌಡನಿಗೆ ಕಂಡದ್ದು ಸಪ್ಪೆ ಮುಖ. ಅವ್ವನದು ಹೇಡಿತನ ಅಂತ ನಾನು ಬಹಳ ವರ್ಷ ತಿಳಿದಿದ್ದೆ. ಅಲ್ಲ, ಅದು ಲೆಕ್ಕಾಚಾರ. ಗಂಟು ಹಾಕಿದ ಮಾರಿಗೆ ಬೀಳುವ ದಂಡ ಏನು ಎಂದು ಅವಳಿಗೆ ಗೊತ್ತಿತ್ತು. ಸಪ್ಪೆ ಮಾರಿಗೆ ಕನಿಕರ ಸಿಗುತ್ತದೆ, ಮರುದಿನ ಕೂಲಿಯೂ ಸಿಗುತ್ತದೆ.

ಆದ್ದರಿಂದ ದಲಿತ ಬರವಣಿಗೆಯಲ್ಲಿ ವಿಷಾದ ಕಂಡಾಗಲೆಲ್ಲ ವಿಮರ್ಶಕ ಕೇಳಬೇಕಾದ ಮೊದಲ ಪ್ರಶ್ನೆ: ಈ ಮಾರಿಯನ್ನು ತಿಕ್ಕಿದವರು ಯಾರು? ಯಾರು ಬರುತ್ತಿದ್ದರು ಅಂತ ತಿಕ್ಕಿದರು?

4

ಭಾರತೀಯ ಕಾವ್ಯಮೀಮಾಂಸೆಗೆ ಈ ಫರಕು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ನಾಟ್ಯಶಾಸ್ತ್ರದಲ್ಲಿ ಕರುಣಕ್ಕೆ ಶೋಕ ಸ್ಥಾಯಿ, ರೌದ್ರಕ್ಕೆ ಕ್ರೋಧ ಸ್ಥಾಯಿ. ಬಣ್ಣಗಳನ್ನೂ ಹೇಳಿದ್ದಾರೆ. ರೌದ್ರಕ್ಕೆ ಕೆಂಪು. ಕರುಣಕ್ಕೆ ಪಾರಿವಾಳದ ಬಣ್ಣ, ಅಂದರೆ ಬೂದುಬೂದಾದ ಒಂದು ಮಬ್ಬು. ಗ್ಲೂಮ್ ಪದದ ಇಂದಿನ ಅರ್ಥಕ್ಕೆ ಇದಕ್ಕಿಂತ ಹತ್ತಿರದ ಬಣ್ಣ ಇನ್ನೊಂದಿಲ್ಲ.

ಯಾವ ರಸ ಯಾರಿಗೆ ಅನ್ನುವುದನ್ನೂ ಅದೇ ಶಾಸ್ತ್ರ ಹಂಚಿಟ್ಟಿದೆ. ರೌದ್ರವನ್ನು ರಾಕ್ಷಸರು, ದಾನವರು, ಉದ್ಧಟ ಮನುಷ್ಯರ ಪಾಲಿಗೆ ಬಿಟ್ಟಿದೆ. ಶೋಕವನ್ನು ಸ್ತ್ರೀಯರಿಗೂ ನೀಚ ಪ್ರಕೃತಿಯವರಿಗೂ ಸೇರಿಸಿದೆ. ಉತ್ತಮರೂ ಮಧ್ಯಮರೂ ಶೋಕವನ್ನು ಧೈರ್ಯದಿಂದ ತಾಳಿಕೊಳ್ಳುತ್ತಾರಂತೆ, ನೀಚರು ಅಳುತ್ತಾರಂತೆ. ಇಲ್ಲಿ ನೀಚ ಎಂದರೆ ಪಾತ್ರದ ಸ್ವಭಾವ, ಜಾತಿಯಲ್ಲ ಎಂದು ಪಂಡಿತರು ಹೇಳಬಹುದು. ಇರಲಿ. ಆದರೆ ಈ ಸಮಾಜದಲ್ಲಿ ಸ್ವಭಾವವನ್ನು ಹುಟ್ಟಿನಿಂದಲೇ ಅಳೆದರು ಅನ್ನುವುದು ಪಂಡಿತರಿಗೂ ಗೊತ್ತಿರುವ ಸಂಗತಿ.

ಈ ಹಂಚಿಕೆಯಲ್ಲಿ ಕೇರಿಯವನಿಗೆ ಎರಡೇ ವೇಷ ಉಳಿದವು. ಸಿಟ್ಟಾದರೆ ರಾಕ್ಷಸ, ಅತ್ತರೆ ಕರುಣೆಗೆ ಪಾತ್ರ. ದಲಿತ ಸಾಹಿತ್ಯದ ವಿಮರ್ಶೆ ಆಡಿದ್ದೂ ಈ ಎರಡೇ ಮಾತು. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂದಾಗ ಇದು ಕಾವ್ಯವಲ್ಲ, ಘೋಷಣೆ ಅಂದರು. ದನಿ ತಗ್ಗಿಸಿ ಬರೆದರೆ ವಿಷಾದ, ಗ್ಲೂಮ್ ಅಂದರು. ಮರಾಠಿಯಲ್ಲಿ ಶರಣಕುಮಾರ ಲಿಂಬಾಳೆ ಈ ಗಂಟನ್ನೇ ಬಿಡಿಸಲು ಹೋದರು. ಓದುಗನಿಗೆ ಆನಂದ ಕೊಡುವುದು ನಮ್ಮ ಸಾಹಿತ್ಯದ ಗುರಿಯಲ್ಲ, ಹಳೆಯ ಸೌಂದರ್ಯಶಾಸ್ತ್ರದ ಅಳತೆಗೋಲು ನಮಗೆ ಸಲ್ಲದು ಅನ್ನುವುದು ಅವರ ವಾದದ ತಿರುಳು.

ವಿಷಾದ ಎಂಬ ಪದದ ಕನ್ನಡದ ಬಳಕೆಯನ್ನೂ ನೋಡಿ. ಪತ್ರಿಕೆಯಲ್ಲಿ ಅಚ್ಚಿನ ತಪ್ಪಾದರೆ ವಿಷಾದಿಸುತ್ತೇವೆ ಅಂತ ಹಾಕುತ್ತಾರೆ. ಕೇರಿಗೆ ಬೆಂಕಿ ಬಿದ್ದರೆ ಮಂತ್ರಿಗಳು ವಿಷಾದ ವ್ಯಕ್ತಪಡಿಸುತ್ತಾರೆ. ಅಂದರೆ ತಪ್ಪು ಮಾಡಿದವರು, ತಡೆಯದೆ ಬಿಟ್ಟವರು ಆಡುವ ಮಾತು ಅದು. ಗೀತೆಯಲ್ಲಿ ಅರ್ಜುನನಿಗೆ ವಿಷಾದ ಬಂದರೆ ಅದಕ್ಕೊಂದು ಅಧ್ಯಾಯವಿದೆ, ಸಮಾಧಾನ ಹೇಳಲು ಸಾರಥಿಯಿದ್ದಾನೆ. ಬೆರಳು ಕಳಕೊಂಡ ಏಕಲವ್ಯನಿಗೆ ವಿಷಾದಯೋಗ ಇಲ್ಲ. ಅವನಿಗೆ ಅದು ಬೇಕಾಗಿಯೂ ಇಲ್ಲ. ಅವನು ಕೇಳಬೇಕಾದ್ದು ಬೆರಳಿನ ಲೆಕ್ಕ.

5

ಕನ್ನಡ ವಿಮರ್ಶೆಯಲ್ಲಿ ಈ ಕತ್ತಲೆಗೆ ಎರಡು ಧಾರಣೆ ಇದೆ. ನವ್ಯದ ನಾಯಕ ಅನಾಥಪ್ರಜ್ಞೆಯಿಂದ ತೊಳಲಿದರೆ ಅದು ಆಳ, ದರ್ಶನ, ಅಸ್ತಿತ್ವದ ಬಿಕ್ಕಟ್ಟು. ಕೇರಿಯ ಪಾತ್ರ ಮಾತಾಡದೆ ನಿಂತರೆ ಅದು ಗ್ಲೂಮ್, ದೋಷ, ಹೊರಗೆ ಬರಬೇಕಾದ ಸ್ಥಿತಿ. ಒಂದೇ ಸರಕು, ಒಬ್ಬನಿಗೆ ಲಾಭ, ಒಬ್ಬನಿಗೆ ನಷ್ಟ.

'ಸಂಸ್ಕಾರ'ವನ್ನೇ (1965) ತೆಗೆದುಕೊಳ್ಳಿ. ನಾರಣಪ್ಪನ ಹೆಣ ಬಿದ್ದಿದೆ. ಅಗ್ರಹಾರ ಉಪವಾಸ ಕೂತಿದೆ. ಪ್ರಾಣೇಶಾಚಾರ್ಯರ ತೊಳಲಾಟದ ಬಗ್ಗೆ ನಮ್ಮಲ್ಲಿ ರಾಶಿ ವಿಮರ್ಶೆ ಬಂದಿದೆ. ಆದರೆ ಆ ಕಾದಂಬರಿಯ ಕತ್ತಲೆಯಲ್ಲಿ ಕೆಲಸ ಮಾಡುವವಳು ಚಂದ್ರಿ. ಶಾಸ್ತ್ರ ಉತ್ತರ ಕೊಡಲಾರದೆ ಕೂತಾಗ ಅವಳು ರಾತ್ರಿಯಲ್ಲಿ ಹೋಗಿ, ಮುಸಲ್ಮಾನನೊಬ್ಬನ ಸಹಾಯ ಪಡೆದು ಹೆಣ ಸುಡಿಸಿ ತನ್ನ ದಾರಿ ಹಿಡಿಯುತ್ತಾಳೆ. ಆಚಾರ್ಯರಿಗೆ ಅದು ತಿಳಿಯುವುದೂ ಇಲ್ಲ. ಅದೇ ಹೊತ್ತಿಗೆ ಕೇರಿಯಲ್ಲಿ ಪ್ಲೇಗಿನಿಂದ ಸತ್ತವರನ್ನು ಗುಡಿಸಲ ಸಮೇತ ಸುಡುತ್ತಾರೆ. ಆ ಸಾವುಗಳಿಗೆ ಅಲ್ಲಿ ಕೆಲವೇ ಸಾಲು. ಅಗ್ರಹಾರದ ಕತ್ತಲೆ ಸಮಸ್ಯೆಯಾಯಿತು. ಕೇರಿಯ ಕತ್ತಲೆ ಹಿನ್ನೆಲೆಯಾಯಿತು.

ಈಗ ದೇವನೂರ ಮಹಾದೇವರ 'ಒಡಲಾಳ' ನೋಡಿ. ಸಾಹುಕಾರನ ಕಡೆಯ ಕಡಲೆಕಾಯಿ ಮೂಟೆ ಮನೆಗೆ ಬಂದಿದೆ. ರಾತ್ರಿ ಸಾಕವ್ವನ ಮನೆಯವರೆಲ್ಲ ಬೆಂಕಿಯ ಸುತ್ತ ಕೂತು ತಿನ್ನುತ್ತಾರೆ. ಕನ್ನಡದಲ್ಲಿ ಹಸಿವನ್ನು ಬರೆದವರು ಬಹಳ ಜನ. ಹಸಿದವರ ಹಬ್ಬವನ್ನು ಹೀಗೆ ಬರೆದವರು ಕಡಿಮೆ. ಪೊಲೀಸರು ಹುಡುಕಲು ಬಂದರೆ ಸಿಗುವುದೇನೂ ಇಲ್ಲ. ಅದೇ ಮನೆಯ ಗೋಡೆಯ ಮೇಲೆ ಪುಟ್ಟಗೌರಿ ನವಿಲು ಬರೆಯುತ್ತಾಳೆ. ಇದನ್ನು ಕೂಡ ದಲಿತ ಬದುಕಿನ ಕತ್ತಲೆಯ ಚಿತ್ರ ಎಂದು ಪಾಠ ಮಾಡುವ ಮಾಸ್ತರರನ್ನು ನಾನು ಕೇಳಿದ್ದೇನೆ. ಹಾಗಾದರೆ ಆ ನಗೆ ಎಲ್ಲಿ ಹೋಯಿತು? ನವಿಲು ಎಲ್ಲಿ ಹಾರಿತು?

'ಕುಸುಮಬಾಲೆ'ಯಲ್ಲಂತೂ (1984) ರಾತ್ರಿಯ ಹೊತ್ತು ಮನೆಮನೆಯ ದೀಪಗಳು, ಜೋತಮ್ಮಗಳು, ಒಂದು ಕಡೆ ಸೇರಿ ತಮ್ಮ ತಮ್ಮ ಮನೆಯ ಸುದ್ದಿ ಹೇಳಿಕೊಳ್ಳುತ್ತವೆ. ಬೆಳಕು ಇಲ್ಲಿ ಕತ್ತಲೆಯನ್ನು ಓಡಿಸಲು ಬಂದಿಲ್ಲ, ಕತ್ತಲೆಯಲ್ಲಿ ಕೂತು ಮಾತಾಡಲು ಬಂದಿದೆ. ಹಗಲು ಮೇಲ್ಜಾತಿಯವರದು, ಹಗಲಲ್ಲಿ ಸುಳ್ಳು ನಡೆಯುತ್ತದೆ. ನಿಜ ಹೊರಬೀಳುವುದು ರಾತ್ರಿ.

ಅರವಿಂದ ಮಾಲಗತ್ತಿಯವರ ಆತ್ಮಕಥೆ 1994ರಲ್ಲಿ ಬಂತು. ಹೆಸರು 'ಗೌರ್ಮೆಂಟ್ ಬ್ರಾಹ್ಮಣ'. ಕೃಷ್ಣೆ ದಾಟಿದರೆ ಅವರ ಮುದ್ದೇಬಿಹಾಳ. ಆ ಹೆಸರಲ್ಲೇ ಗಂಟಿಕ್ಕಿದ ಹುಬ್ಬೂ ಇದೆ, ತುಟಿಯ ಮೇಲೆ ನಗೆಯೂ ಇದೆ. ಇದಕ್ಕೆ ನಿಮ್ಮ ನವರಸಗಳಲ್ಲಿ ಯಾವ ಹೆಸರಿದೆ?

ಗಂಟಿಕ್ಕಿದ ಮಾರಿ ಮೇಲ್ಜಾತಿಯವರದಾದರೆ ಅದಕ್ಕೆ ಬೇರೆಯೇ ಹೆಸರು ಸಿಗುತ್ತದೆ. 1973ರಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದಾಗ ರಾಜ್ಯದ ತುಂಬ ಮಾರಿಗಳು ಕಪ್ಪಿಟ್ಟವು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಯೂ ಆಯಿತು. ಆ ಕಪ್ಪಿಟ್ಟ ಮಾರಿಗಳನ್ನು ಯಾರೂ ಗ್ಲೂಮಿ ಅನ್ನಲಿಲ್ಲ. ಕನ್ನಡಾಭಿಮಾನ ಅಂದರು.

6

ಇಷ್ಟು ಹೇಳಿದ ಮೇಲೆ ನಮ್ಮ ಕಡೆಗೂ ಬೆರಳು ತೋರಿಸಬೇಕು. ತಪ್ಪು ಬರೀ ಅವರದಲ್ಲ.

ನಮ್ಮ ಹೊಸ ಹುಡುಗರ ಕವಿತೆಗಳು ನನ್ನ ಟೇಬಲ್ಲಿಗೆ ಬರುತ್ತವೆ. ಹತ್ತರಲ್ಲಿ ಎಂಟು ಕವಿತೆಗಳಲ್ಲಿ ಸಾವಿರ ವರ್ಷದ ಕತ್ತಲೆ, ಬಾಬಾಸಾಹೇಬರೆಂಬ ಸೂರ್ಯ, ಕೊನೆಗೆ ಕ್ರಾಂತಿಯ ಕಿರಣ. ಬಾಬಾಸಾಹೇಬರ ಮೇಲಿನ ಪ್ರೀತಿ ಖರೇ. ಆದರೆ ಈ ರೂಪಕ ಎಲ್ಲಿಂದ ಬಂತು? ತಮಸ್ಸು ಕೀಳು, ಜ್ಯೋತಿ ಮೇಲು ಎಂಬ ಏಣಿ ನಾವು ಕಟ್ಟಿದ್ದಲ್ಲ. ತಮೋಗುಣವನ್ನು ಕೆಳಗಿನವರ ತಲೆಗೆ ಕಟ್ಟಿದವರು ಕಟ್ಟಿದ್ದು. ಅದೇ ಏಣಿಯನ್ನು ನಾವು ಎರವಲು ತಂದರೆ ನಮ್ಮ ಮುತ್ಯಾನ ಹಲಗೆಯ ಪೆಟ್ಟು, ಅವ್ವ ಬೀಸುವಾಗ ಹಾಡಿದ ಹಾಡು, ಮಾದಾರ ಚೆನ್ನಯ್ಯನ ಅರಿವು ಎಲ್ಲವನ್ನೂ ಕತ್ತಲೆಯ ಖಾತೆಗೆ ಬರೆದಂತಾಗುತ್ತದೆ. ಕಪ್ಪು ಚುಕ್ಕೆ, ಕರಾಳ ದಿನ, ಕಪ್ಪುಪಟ್ಟಿ ಎಂದು ಕರಪತ್ರದಲ್ಲಿ ಬರೆಯುವಾಗ ನಮ್ಮ ಮೈಬಣ್ಣವನ್ನೇ ಬೈಯುತ್ತಿದ್ದೇವೆ ಅನ್ನುವುದು ನಮಗೆ ಹೊಳೆಯುವುದಿಲ್ಲ.

ಕೇರಿಗೆ ಬಂದ ಬೆಳಕೆಲ್ಲ ಬೆಳಕಾಗಿಯೇ ಬರಲಿಲ್ಲ ಎಂಬುದನ್ನೂ ನೆನೆಯಬೇಕು. 1968ರ ಡಿಸೆಂಬರ್ 25ರ ರಾತ್ರಿ ತಮಿಳುನಾಡಿನ ಕೀಳ್ವೆಣ್ಮಣಿಯಲ್ಲಿ ಒಂದು ಗುಡಿಸಲು ಉರಿಯಿತು, 44 ಜನ ಸತ್ತರು. 2000ನೇ ಇಸವಿಯ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಆ ರಾತ್ರಿಗಳಲ್ಲಿ ಕೇರಿಯವರಿಗೆ ಬೇಕಾಗಿದ್ದದ್ದು ಕತ್ತಲೆ. ಓಡಿ ಅಡಗಿಕೊಳ್ಳಲು ಒಂದಿಷ್ಟು ಕತ್ತಲೆ.

ನಮ್ಮ ಕಲಬುರ್ಗಿ ಸೀಮೆಯ ಕವಿ ಚೆನ್ನಣ್ಣ ವಾಲೀಕಾರ ತಮ್ಮ ಸಂಕಲನಕ್ಕೆ 'ಕರಿತೆಲಿ ಮಾನವನ ಜೀಪದ' ಎಂದು ಹೆಸರಿಟ್ಟರು. ಕರಿ ತೆಲಿಯ ಮಾನವ ಅಂದರೆ ನಮ್ಮ ಕಡೆ ಮನುಷ್ಯ ಎಂದಷ್ಟೇ ಅರ್ಥ. ಕರಿ ಅನ್ನುವುದು ಇಲ್ಲಿ ಹುಟ್ಟಿನ ಗುರುತು, ಸೂತಕದ ಬಣ್ಣವಲ್ಲ. ಹುಡುಗರು ಸೂರ್ಯನನ್ನು ಸ್ವಲ್ಪ ದಿನ ಬಿಟ್ಟು ಈ ಹೆಸರಿನ ಮುಂದೆ ಕೂಡಬೇಕು.

7

ಹಾಗಾದರೆ ದಲಿತ ಬದುಕಿನಲ್ಲಿ ದುಃಖವೇ ಇಲ್ಲವೇ? ಇದೆ, ಬೆಟ್ಟದಷ್ಟಿದೆ. ಪ್ರಶ್ನೆ ಇರುವುದು ಆ ದುಃಖದ ಬಗೆಯ ಬಗ್ಗೆ.

ನಮ್ಮ ಸುರಪುರ, ಶಹಾಪುರ ಸೀಮೆಯಲ್ಲಿ ಮೊಹರಂ ಬಂದರೆ ಎಲ್ಲ ಜಾತಿಯವರೂ ಅಲಾಯಿ ಕುಣಿಯುತ್ತಾರೆ, ರಿವಾಯತ್ ಪದ ಹಾಡುತ್ತಾರೆ. ಕೇರಿಯವರೂ ಹಾಡುತ್ತಾರೆ. 680ರಲ್ಲಿ ಕರ್ಬಲಾದಲ್ಲಿ ಸತ್ತವರಿಗಾಗಿ ಕೃಷ್ಣಾ ತೀರದ ಜನ ಕನ್ನಡದಲ್ಲಿ ಅಳುತ್ತಾರೆ. ಅದಕ್ಕಿಂತ ದೊಡ್ಡ ಶೋಕ ಯಾವುದಿದೆ? ಆದರೆ ಆ ಹಾಡಿನಲ್ಲಿ ಕೊಂದವನಿದ್ದಾನೆ, ನೀರು ಕೊಡದವರಿದ್ದಾರೆ. ನೀರಡಿಸಿ ಸತ್ತ ಕೂಸಿನ ಕತೆ ಬಾವಿ ಮುಟ್ಟಗೊಡದ ಊರಿನ ಕೇರಿಯವನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಶೋಕಕ್ಕೂ ವಿಳಾಸವಿದೆ. ವಿಳಾಸವಿರುವ ಶೋಕವನ್ನು ಗ್ಲೂಮ್ ಅನ್ನಲಾಗದು.

ನಮ್ಮ ಜಿಲ್ಲೆಯ ಮೇಲೂ ಇದೇ ಪದ ಕವಿದಿದೆ. 2011ರ ಜನಗಣತಿಯಲ್ಲಿ ಯಾದಗಿರಿ ಸಾಕ್ಷರತೆಯಲ್ಲಿ ರಾಜ್ಯದಲ್ಲೇ ಕೊನೆಯದು. ಬರೆಯುವವರೆಲ್ಲ ಅಜ್ಞಾನದ ಕತ್ತಲೆ ಎಂದು ಶುರು ಮಾಡುತ್ತಾರೆ. ಶಾಲೆ ಕೊಡದವರು, ಮಾಸ್ತರರನ್ನು ತುಂಬದವರು, ಭಾಗ್ಯಜ್ಯೋತಿಯ ಒಂದು ಬಲ್ಬು ಕೊಟ್ಟು ಕೇರಿಗೆ ಬೆಳಕು ಕೊಟ್ಟೆವು ಅಂದವರು ಆ ವಾಕ್ಯದಲ್ಲಿ ಇರುವುದಿಲ್ಲ. ಕತ್ತಲೆ ತಾನಾಗಿ ಬಂದಂತೆ ಇರುತ್ತದೆ. ವಿಮರ್ಶೆಯ ಭಾಷೆ ಮತ್ತು ಸರ್ಕಾರಿ ವರದಿಯ ಭಾಷೆ ಕೂಡುವ ಜಾಗ ಇದು.

ಸಿಟ್ಟೊಂದೇ ನಮ್ಮ ರಸ ಅಂತಲೂ ನಾನು ಹೇಳುತ್ತಿಲ್ಲ. ಡಿ. ಆರ್. ನಾಗರಾಜ್ ಸಿದ್ಧಲಿಂಗಯ್ಯನವರ ಬಗ್ಗೆ ಬರೆಯುವಾಗ ರಾಜಕೀಯ ಸಿಟ್ಟಿನಿಂದ ಸಾಂಸ್ಕೃತಿಕ ಸಮರ್ಥನೆಯ ಕಡೆಗಿನ ನಡೆಯನ್ನು ಗುರುತಿಸಿದರು. ಆ ಚರ್ಚೆ ಮುಂದುವರಿಯಲಿ. ನನ್ನದು ಅದಕ್ಕಿಂತ ಸಣ್ಣ ಬೇಡಿಕೆ. ಸಿಟ್ಟಿದ್ದ ಕಡೆ ಸಿಟ್ಟು ಅನ್ನಿ, ನಗೆಯಿದ್ದ ಕಡೆ ನಗೆ ಅನ್ನಿ, ದುಃಖವಿದ್ದ ಕಡೆ ಅದು ಯಾರು ಕೊಟ್ಟ ದುಃಖ ಅಂತ ಸೇರಿಸಿ ಹೇಳಿ. ಇವೆಲ್ಲವನ್ನೂ ಒಂದು ಮಬ್ಬಿನಲ್ಲಿ ಮುಚ್ಚುವ ಪದವನ್ನು ಬಳಸುವ ಮೊದಲು ಅದರ ಹಳೆಯ ಅರ್ಥವನ್ನು ಒಮ್ಮೆ ನೆನೆಸಿಕೊಳ್ಳಿ.

ಆ ದಿನ ಬಸ್‌ಸ್ಟ್ಯಾಂಡಿನಲ್ಲಿ ಹುಡುಗನಿಗೆ ಇಷ್ಟೆಲ್ಲ ಹೇಳಲು ಆಗಲಿಲ್ಲ, ಸುರಪುರದ ಬಸ್ ಬಂದಿತ್ತು. ಪದದ ಹಳೆಯ ಅರ್ಥ ಮಾತ್ರ ಹೇಳಿದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಅವರು ಅಂದಿದ್ದು ಖರೇನೇ ಅದ ಬಿಡ್ರಿ ಸರ್. ಗ್ಲೂಮೀನೇ ಅದ," ಅಂದ. ಕತೆಯ ಕೊನೆಯನ್ನು ಬದಲಿಸಬೇಕೇ ಅಂತ ಕೇಳಲು ಬಂದಿದ್ದನಂತೆ. ಬದಲಿಸಲಿಲ್ಲ. ಆ ಅವ್ವ ಇನ್ನೂ ಮೇಸ್ತ್ರಿಯ ಮಾರಿ ನೋಡುತ್ತ ನಿಂತಿದ್ದಾಳೆ.